ಜವಳಿ ಅಂಗಡಿ ಮಾಮ್

ಕುಂಬಳೆ, ಉಪ್ಪಳ, ಬದಿಯಡ್ಕ, ಹೀಗೆ ಕಾಸರಗೋಡು ಕಡೆಯ ಯಾವ ಪೇಟೆಯ ಜವಳಿ ಅಂಗಡಿಗೆ ಹೋದರೂ ಗಲ್ಲಾದಲ್ಲಿ ಒಬ್ಬರು ಮಾಮ್, ಅಂದರೆ ಕೊಂಕಣಿ ಮಾವ, ಕೂತಿರುತ್ತಾರೆ. ಮನೆಮಾತು ಕೊಂಕಣಿ. ಆದರೆ ಗಿರಾಕಿ ಚಪ್ಪಲಿ ಬಿಡುವಷ್ಟರಲ್ಲಿ ಅವರ ಭಾಷೆ ಯಾವುದೆಂದು ಮಾಮ್ ಅಳೆದು ಮುಗಿಸಿರುತ್ತಾರೆ. ಮುಂಡಿನ ತುದಿ ಎಡಕ್ಕೋ ಬಲಕ್ಕೋ, ಕೊಡೆ ಕಂಕುಳಲ್ಲೋ ಕಾಲರಿನ ಹಿಂದೋ, ಬೆರಳಲ್ಲಿ ಅಡಿಕೆಯ ಕಲೆ ಉಂಟೋ ಇಲ್ಲವೋ, ಇಷ್ಟು ನೋಡಿದರೆ ಸಾಕು.

ತೋಟದ ಭಟ್ಟರಿಗೆ "ಎಂತ ಭಟ್ರೆ, ಅಡಕ್ಕೆ ಕೊಟ್ಟಾತೊ?" ಬೆನ್ನಿಗೇ ಬಂದ ಹೆಂಗಸಿಗೆ ತುಳುವಿನಲ್ಲಿ "ಬಲೆ ಅಕ್ಕ, ಕುಲ್ಲುಲೆ." ಬ್ಯಾರಿ ಕಾಕನಿಗೆ ಬ್ಯಾರಿ, ಉಪ್ಪಳದ ಹನಫಿಗಳಿಗೆ ಉರ್ದು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಹೋದ ಮೇಲೆ ಅಂಗಡಿಯ ಬೋರ್ಡಿಗೆ ಮಲೆಯಾಳ ಬಂತು. ಗಲ್ಲಾದಲ್ಲಿ ಅದು ಮಾಮ್ ಅವರ ಅಜ್ಜನ ಕಾಲದಿಂದಲೇ ಇತ್ತು. ಕನ್ನಡ? ಅದು ಪೇಪರ್ ಓದುವುದಕ್ಕೆ, ಯಕ್ಷಗಾನದ ಅರ್ಥಗಾರಿಕೆಯಲ್ಲಿ ತಪ್ಪು ಹುಡುಕುವುದಕ್ಕೆ, ಸಾಲದ ಪುಸ್ತಕ ಬರೆಯುವುದಕ್ಕೆ.

ಇಷ್ಟೆಲ್ಲ ಬಲ್ಲವರಿಗೆ ಒಂದೇ ಕಷ್ಟ: ಗುಟ್ಟು ಮಾತಾಡಲು ಭಾಷೆಯೇ ಇಲ್ಲ. ಮದುವೆ ಸೀರೆಗೆ ಬಂದ ತುಳುವರ ಎದುರು ಮಾಮ್ ಮಗನತ್ತ ತಿರುಗಿ, ಎಷ್ಟಕ್ಕೆ ಬಿಟ್ಟರೆ ನಷ್ಟವಿಲ್ಲ ಎಂದು ಮೆಲ್ಲಗೆ ಕೊಂಕಣಿಯಲ್ಲಿ ಕೇಳುತ್ತಾರೆ. ಮಗ ಬಾಯಿ ತೆರೆಯುವ ಮೊದಲೇ ಮದುಮಗಳ ಅತ್ತೆ ಸೀರೆಯ ಸೆರಗು ಸವರುತ್ತ, "ಇಲ್ಲೆ ಉಣೆ ಕರಾ, ಮಾಮ್" ಎಂದು ಕೊಂಕಣಿಯಲ್ಲೇ ದರ ಇಳಿಸಲು ಹೇಳುತ್ತಾರೆ. ಅವರ ನೆರೆಮನೆ ಕೊಂಕಣಿಗರದ್ದು. ಮಲೆಯಾಳಕ್ಕೆ ಹಾರಿದರೆ ಮದುಮಗಳು ಓದಿದ್ದು ಕಣ್ಣೂರಿನಲ್ಲಿ. ಈಗ ಅಪ್ಪ–ಮಗನ ನಡುವೆ ಕ್ಯಾಲ್ಕುಲೇಟರ್ ಒಂದೇ ನಂಬಿಕೆಯದ್ದು. ಒತ್ತಿ ತೋರಿಸುತ್ತಾರೆ, ತಕ್ಷಣ ಅಳಿಸುತ್ತಾರೆ. ಅತ್ತೆ ಕತ್ತು ಉದ್ದ ಮಾಡಿ ಅದನ್ನೂ ಓದಲು ನೋಡುತ್ತಾರೆ ಎನ್ನುವುದು ಬೇರೆ ಮಾತು.

ಪೇಟೆಯವರು ಇವರನ್ನು ಬಹುಭಾಷಾ ಪಂಡಿತರೆಂದು ಹೊಗಳಿದರೆ ಮಾಮ್‌ಗೆ ನಿಜಕ್ಕೂ ಕಸಿವಿಸಿ. ಪಂಡಿತರೆಂದರೆ ಮಂಜೇಶ್ವರದ ಗೋವಿಂದ ಪೈಗಳು. ನಮ್ಮದೆಲ್ಲ ಹೊಟ್ಟೆಪಾಡು ಎಂದು ಕೈಮುಗಿಯುತ್ತಾರೆ.

2011ರ ಜನಗಣತಿಯ ಫಾರಮಿನಲ್ಲಿ ಮಾತೃಭಾಷೆ ಬಿಟ್ಟು ಇನ್ನೆರಡು ಭಾಷೆಗಳಿಗೆ ಮಾತ್ರ ಜಾಗ. ಗಣತಿಗೆ ಬಂದ ಟೀಚರ್ ಮಲೆಯಾಳದಲ್ಲಿ ಕೇಳಿದರು, ಮಾಮ್ ಮಲೆಯಾಳದಲ್ಲೇ ಹೇಳಿದರು: "ಬರೆದುಕೊಳ್ಳಿ, ಒಂದು ಕನ್ನಡ, ಇನ್ನೊಂದು ಇಂಗ್ಲಿಷ್."

"ಅಲ್ಲ ಮಾಮ್, ಮಲೆಯಾಳ ಬೇಡವಾ?"

"ಅದು ಶಾಲೆಯಲ್ಲಿ ಕಲಿತದ್ದಲ್ಲವಲ್ಲ ಟೀಚರೆ, ಸುಮ್ಮನೆ ಮಾತಾಡುವುದು. ಅದನ್ನೆಲ್ಲ ಎಂತ ಬರೆಯುವುದು?"