ಸಕ್ಕರೆಯ ಗಾರೆ ಕೆಲಸ

ಕೇಕ್ ಅಲಂಕಾರ ಕಲಿಯಬೇಕೆಂದು ಒಳಗೊಳಗೇ ಆಸೆಪಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹಿಂಜರಿಯುವುದಕ್ಕೆ ಅವರು ಕೊಡುವ ಕಾರಣ ಮಾತ್ರ ಒಂದೇ: 'ನನಗೆ ಒಗ್ಗರಣೆಯೇ ನೆಟ್ಟಗೆ ಬರುವುದಿಲ್ಲ, ಇನ್ನು ಕೇಕ್ ಎಲ್ಲಿಂದ ಬಂತು?' ಕೇಳಲು ವಿನಯದಂತಿದ್ದರೂ ಈ ಕಾರಣ ಬುಡದಲ್ಲೇ ತಪ್ಪು. ಕೇಕ್ ಬೇಯಿಸುವುದು ಅಡುಗೆ, ಒಪ್ಪಿದೆ. ಆದರೆ ಬೆಂದ ಕೇಕಿಗೆ ಅಲಂಕಾರ ಮಾಡುವುದು ಅಡುಗೆಯಲ್ಲ, ಅಪ್ಪಟ ಗಾರೆ ಕೆಲಸ. ಯಾರದೋ ಕಣ್ತಪ್ಪಿನಿಂದ ಈ ವಿದ್ಯೆ ಆಹಾರ ಇಲಾಖೆಯಲ್ಲಿ ಉಳಿದುಕೊಂಡಿದೆ. ನ್ಯಾಯವಾಗಿ ಎಂದೋ ಲೋಕೋಪಯೋಗಿ ಇಲಾಖೆಗೆ ವರ್ಗವಾಗಬೇಕಿತ್ತು. ಬೇಕಾದರೆ ಕಲಿಯುವವರು ಕೊಂಡು ತರುವ ಸಾಮಾನುಗಳನ್ನೇ ನೋಡಿ. ಸೌಟಿಲ್ಲ, ಬಾಣಲೆಯಿಲ್ಲ, ಜಾಲರಿಯಿಲ್ಲ. ಇರುವುದು ಮೊಂಡ ಅಲಗಿನ ಪ್ಯಾಲೆಟ್ ನೈಫ್, ಅಂದರೆ ಕರಣೆ. ಅಂಚು ನೇರವಾಗಿರುವ ಸ್ಕ್ರೇಪರ್, ಅಂದರೆ ಮಟ್ಟಗೋಲು. ಉತ್ಸಾಹ ಮಿತಿಮೀರಿದವರ ಬಳಿ ನಿಜವಾದ ರಸಮಟ್ಟವೂ ಇರುತ್ತದೆ. ಉಪ್ಪು, ಹುಳಿ, ಖಾರದ ಹದ ತಿಳಿಯದವರಿಗೆ ಇಲ್ಲಿ ಯಾವ ಅಡ್ಡಿಯೂ ಇಲ್ಲ. ಗೋಡೆಯ ಕ್ಯಾಲೆಂಡರ್ ಒಂದಿಷ್ಟು ವಾಲಿದ್ದರೆ ಊಟ ಬಿಟ್ಟು ಎದ್ದು ಸರಿಪಡಿಸುವವರು ಎಲ್ಲ ಮನೆಗಳಲ್ಲೂ ಒಬ್ಬರಿರುತ್ತಾರಲ್ಲ, ಈ ಹವ್ಯಾಸ ಹೇಳಿಮಾಡಿಸಿದ್ದು ಅವರಿಗೆ.

ಇದು ನಾನೇ ಹೊಸೆದ ಸಿದ್ಧಾಂತವೆಂದು ಅನುಮಾನಿಸುವವರು ಒಮ್ಮೆ ಚರಿತ್ರೆಯನ್ನು ತಿರುವಿಹಾಕಬೇಕು. ಫ್ರಾನ್ಸಿನ ಆಂಟೊನಿನ್ ಕರೆಮ್ ನೆಪೋಲಿಯನ್ ಕಾಲದ ಮಹಾ ಮಿಠಾಯಿಗಾರ. ಬಡತನದಲ್ಲಿ ಬೆಳೆದ ಈ ಹುಡುಗ ಪ್ಯಾರಿಸ್ಸಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಬಿಡುವು ಸಿಕ್ಕಿದರೆ ಹೋಗಿ ಕೂರುತ್ತಿದ್ದುದು ಹತ್ತಿರದ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಅಲ್ಲಿ ಅವನು ತೆರೆಯುತ್ತಿದ್ದುದು ಪಾಕಶಾಸ್ತ್ರದ ಪುಸ್ತಕವನ್ನಲ್ಲ, ವಾಸ್ತುಶಿಲ್ಪದ ಚಿತ್ರಸಂಪುಟಗಳನ್ನು. ಅವುಗಳನ್ನು ನಕಲು ಮಾಡಿಕೊಂಡು ಬಂದು ಸಕ್ಕರೆ ಮತ್ತು ಬಾದಾಮಿ ಹಿಟ್ಟಿನಲ್ಲಿ ಗುಡಿ, ಗೋಪುರ, ಕಾರಂಜಿ, ಕೊನೆಗೆ ಪಾಳುಬಿದ್ದ ಕಟ್ಟಡವನ್ನೂ ಕಟ್ಟಿ ಶ್ರೀಮಂತರ ಊಟದ ಮೇಜಿನ ನಡುವೆ ನಿಲ್ಲಿಸಿದ. ಹೊಸದಾಗಿ ಕಟ್ಟುವಾಗಲೇ ಪಾಳುಬಿದ್ದಂತೆ ಕಟ್ಟುವ ಧೈರ್ಯ ಆಮೇಲೆ ನಮ್ಮ ಕೆಲವು ಗುತ್ತಿಗೆದಾರರಿಗೂ ಬಂದಿದೆ, ಅದು ಬೇರೆ ಮಾತು. ಲಂಡನ್ನಿನ ಕಡೆಯದು ಇನ್ನೊಂದು ಐತಿಹ್ಯ. ಅಂತಸ್ತಿನ ಮೇಲೆ ಅಂತಸ್ತು ಇಡುವ ಮದುವೆ ಕೇಕಿನ ಯೋಚನೆ ಅಲ್ಲಿನ ಬೇಕರಿಯವನೊಬ್ಬನಿಗೆ ಹೊಳೆದದ್ದು ಸೇಂಟ್ ಬ್ರೈಡ್ಸ್ ಚರ್ಚಿನ ಶಿಖರವನ್ನು ನೋಡಿ ಎನ್ನುತ್ತಾರೆ. ಕಥೆ ನಿಜವೋ ಸುಳ್ಳೋ, ಹುಟ್ಟಿದ್ದಂತೂ ಸರಿಯಾದ ಜಾಗದಲ್ಲಿ. ಇದೆಲ್ಲಕ್ಕಿಂತ ಬಲವಾದ ಸಾಕ್ಷಿ ಸಿಗುವುದು ಕಚ್ಚಾ ಸಾಮಗ್ರಿಯಲ್ಲಿ. ಮದುವೆ ಕೇಕಿನ ಮೇಲೆ ಬಿಳಿ ಕವಚವಾಗಿ ಕೂರುವ ರಾಯಲ್ ಐಸಿಂಗ್ ಎಂದರೆ ಮೊಟ್ಟೆಯ ಬಿಳಿಯಲ್ಲಿ ಕಲಸಿದ ಸಕ್ಕರೆ ಪುಡಿ. ನಮ್ಮ ದಕ್ಷಿಣದ ಹಳೆಯ ಸುಣ್ಣದ ಗಾರೆಗೆ ಬೆರೆಸುತ್ತಿದ್ದುದು ಬೆಲ್ಲದ ನೀರು, ಅಳಲೆಕಾಯಿಯ ರಸ. ಚೆಟ್ಟಿನಾಡಿನ ಹೊಳಪಿನ ಗೋಡೆಗಳಿಗಾದರೆ ಮೊಟ್ಟೆಯ ಬಿಳಿಯೂ ಬೀಳುತ್ತಿತ್ತು. ಸುಣ್ಣವೊಂದನ್ನು ಬಿಟ್ಟರೆ ಇಬ್ಬರು ಮೇಸ್ತ್ರಿಗಳ ಚೀಟಿಯಲ್ಲೂ ಹೆಚ್ಚುಕಡಿಮೆ ಅವೇ ಸಾಮಾನು. ಎರಡೂ ಗಾಳಿಗೆ ಆರಿ ಗಟ್ಟಿಯಾಗುತ್ತವೆ. ರಾಯಲ್ ಐಸಿಂಗ್ ಅತಿಯಾಗಿ ಗಟ್ಟಿಯಾಗಿ ಅತಿಥಿಗಳ ಹಲ್ಲು ಮುರಿಯದಿರಲೆಂದು ಒಂದು ಚಮಚ ಗ್ಲಿಸರಿನ್ ಸೇರಿಸುವ ವಾಡಿಕೆಯೂ ಇದೆ. ಗೋಡೆಗೆ ಆ ಚಿಂತೆಯಿಲ್ಲ.

ಕೆಲಸದ ಕ್ರಮಕ್ಕೆ ಬಂದರೆ ಸಂಶಯಕ್ಕೆ ಎಡೆಯೇ ಉಳಿಯುವುದಿಲ್ಲ. ಒಲೆಯಿಂದ ಇಳಿದ ಕೇಕಿನ ನೆತ್ತಿ ಗುಮ್ಮಟದಂತೆ ಉಬ್ಬಿರುತ್ತದೆ. ಮೊದಲು ಅದನ್ನು ಕೊಯ್ದು ಸಮತಟ್ಟು ಮಾಡಬೇಕು, ಅಂದರೆ ನೆಲ ಮಟ್ಟ. ಆಮೇಲೆ ಪದರದ ಮೇಲೆ ಪದರವಿಟ್ಟು ನಡುವೆ ಕ್ರೀಮ್ ಹಚ್ಚುವುದು, ಅಂದರೆ ವರಸೆ ಕಟ್ಟುವುದು. ಇಷ್ಟಾದ ಮೇಲೆ ಬರುತ್ತದೆ ಕ್ರಂಬ್ ಕೋಟ್. ಕೇಕಿನ ಉದುರುಪುಡಿಯೆಲ್ಲ ಅಂಟಿಕೊಂಡು ಕೂರಲೆಂದು ತೆಳ್ಳಗೆ ಒರಟಾಗಿ ಬಳಿದು ಫ್ರಿಜ್ಜಿನಲ್ಲಿಟ್ಟು ಗಟ್ಟಿಮಾಡುವ ಮೊದಲ ಲೇಪ ಇದು. ಇದನ್ನು ಬಿಟ್ಟು ನೇರವಾಗಿ ಕೊನೆಯ ಲೇಪಕ್ಕೆ ಕೈಹಾಕಿದವರ ಬಿಳಿ ಕೇಕ್, ಒರಟು ಗಾರೆಯಿಲ್ಲದೆ ಬಣ್ಣ ಬಳಿದ ಇಟ್ಟಿಗೆ ಗೋಡೆಯ ಹಾಗೆ, ಮೈತುಂಬ ಕಂದು ಕಜ್ಜಿ ಹೊತ್ತು ನಿಲ್ಲುತ್ತದೆ. ಇನ್ನು ಎರಡು ಅಂತಸ್ತಿನ ಕೇಕಾದರೆ ಮೇಲಿನದರ ಭಾರ ಕೆಳಗಿನ ಮೆತ್ತನೆಯ ಕೇಕಿನ ಮೇಲೆ ಬೀಳುವಂತಿಲ್ಲ. ಕೆಳಗಿನದರೊಳಗೆ ಕಡ್ಡಿಗಳನ್ನು ನೆಟ್ಟು, ಅದರೆತ್ತರಕ್ಕೆ ಸರಿಯಾಗಿ ಕತ್ತರಿಸಿ, ಮೇಲಿನದನ್ನು ರಟ್ಟಿನ ತಳದ ಸಮೇತ ಆ ಕಂಬಗಳ ಮೇಲೆ ಕೂರಿಸಬೇಕು. ಮುಂದೆ ಬ್ರಿಟನ್ನಿನ ರಾಣಿಯಾದ ಎಲಿಜಬೆತ್ 1947ರಲ್ಲಿ ಮದುವೆಯಾದಾಗ ಕೇಕ್ 4 ಅಂತಸ್ತಿನದು. ಎತ್ತರ 9 ಅಡಿ, ತೂಕ ಸುಮಾರು 500 ಪೌಂಡ್. ಅಷ್ಟನ್ನು ಬಾಣಸಿಗರ ರುಚಿಜ್ಞಾನದ ಭರವಸೆಯ ಮೇಲೆ ನಿಲ್ಲಿಸಲಾಗುವುದಿಲ್ಲ. ಕಾಮಗಾರಿಗೆ ಹವಾಮಾನದ ಅಡ್ಡಿಯೂ ಉಂಟು. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಆದ್ದರಿಂದ ಡಿಸೆಂಬರಿನ ಬೆಂಗಳೂರು ಬಟರ್‌ಕ್ರೀಮಿನ ಸ್ವರ್ಗ. 40 ಡಿಗ್ರಿ ದಾಟುವ ಮೇ ತಿಂಗಳ ರಾಯಚೂರಿನಲ್ಲಿ ಅದೇ ಬಟರ್‌ಕ್ರೀಮಿನ ಗುಲಾಬಿ ಅರಳಿದ ಗಳಿಗೆಯಲ್ಲೇ ತುಪ್ಪವಾಗುವ ದಾರಿ ಹಿಡಿಯುತ್ತದೆ. ಹಾಗಾದರೆ ಸಕ್ಕರೆ ಹಿಟ್ಟಿನಂಥ ಫಾಂಡೆಂಟ್ ಹೊದಿಸಿದರಾಯಿತು ಎಂದು ಮಂಗಳೂರಿನವರು ಜಾಣತನ ತೋರಿದರೆ, ಅದು ಕರಾವಳಿಯ ತೇವವನ್ನೆಲ್ಲ ಹೀರಿಕೊಂಡು ಬಸ್ಸಿಗೆ ಕಾದು ನಿಂತವರ ಹಾಗೆ ಬೆವರುತ್ತದೆ.

ಇಲ್ಲಿ ಯಾರಾದರೂ ತಡೆದು ಕೇಳಬಹುದು: ಎಷ್ಟೆಂದರೂ ಕೇಕ್ ಇರುವುದು ತಿನ್ನಲಿಕ್ಕಲ್ಲವೇ? ರುಚಿಯೇ ಇಲ್ಲದ ಮೇಲೆ ಶೃಂಗಾರವೇಕೆ? ರುಚಿ ಬೇಡವೆಂದು ನಾನು ಹೇಳುತ್ತಿಲ್ಲ. ರುಚಿಯ ಹೊಣೆ ಒಳಗಿನ ಕೇಕಿನದು, ಅಲಂಕಾರಕ್ಕೆ ಅದರ ಹೊಣೆ ಹೊರಿಸಬಾರದು ಎನ್ನುತ್ತಿದ್ದೇನೆ. ಇವೆರಡೂ ಬೇರೆಬೇರೆ ಎಂಬುದನ್ನು ಎರಡನೆಯ ಮಹಾಯುದ್ಧವೇ ಪ್ರಯೋಗ ಮಾಡಿ ತೋರಿಸಿದೆ. 1940ರಲ್ಲಿ ಬ್ರಿಟಿಷ್ ಸರ್ಕಾರ ಸಕ್ಕರೆ ಉಳಿಸಲೆಂದು ಕೇಕಿನ ಮೇಲೆ ಐಸಿಂಗ್ ಹಾಕುವುದನ್ನೇ ನಿಷೇಧಿಸಿತು. ಜನ ಏನು ಮಾಡಿದರು? ಬೋಳು ಕೇಕಿಗೆ ತೃಪ್ತಿಪಟ್ಟರೇ? ಇಲ್ಲ. ರಟ್ಟು ಮತ್ತು ಪ್ಲಾಸ್ಟರಿನಲ್ಲಿ ಮಾಡಿದ ಅಂತಸ್ತಿನ ಕೇಕಿನ ಕವಚವನ್ನು ಬೇಕರಿಯಿಂದ ಬಾಡಿಗೆಗೆ ತಂದು, ಒಳಗೆ ಪಡಿತರದ ಸಾಮಾನಿನಲ್ಲಿ ಮಾಡಿದ ಪುಟ್ಟ ಕೇಕನ್ನಿಟ್ಟು, ಮದುಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಫೋಟೋ ಆದ ಮೇಲೆ ಕಟ್ಟಡ ಮುಂದಿನ ಮದುವೆಗೆ ಹೊರಡುತ್ತಿತ್ತು. ಬಾಂಬು ಬೀಳುತ್ತಿದ್ದ ಕಾಲದಲ್ಲೂ ಜನ ಬಿಟ್ಟುಕೊಡಲು ಒಪ್ಪದೇ ಇದ್ದದ್ದು ರುಚಿಯನ್ನಲ್ಲ, ಆಕಾರವನ್ನು. ಅಷ್ಟು ದೂರ ಹೋಗುವುದು ಬೇಡವೆನ್ನುವವರಿಗೆ ಬೆಂಗಳೂರಿನ ಕೇಕ್ ಶೋ ಇದೆ. 1970ರ ದಶಕದಲ್ಲಿ ಶುರುವಾಗಿ ಕ್ರಿಸ್‌ಮಸ್ ಹೊತ್ತಿಗೆ ವರ್ಷವರ್ಷವೂ ನಡೆದುಬಂದಿರುವ ಈ ಪ್ರದರ್ಶನದಲ್ಲಿ ಜನ ಟಿಕೆಟ್ ಕೊಂಡು ಸರತಿಯಲ್ಲಿ ನಿಂತು ಸಕ್ಕರೆಯ ಚರ್ಚು, ಅರಮನೆಗಳನ್ನು ನೋಡಿ ಬೆರಗಾಗುತ್ತಾರೆ. ಅವನ್ನು ಯಾರೂ ನೆಕ್ಕಿ ನೋಡುವುದಿಲ್ಲ. ನೆಕ್ಕಬೇಕೆಂದರೆ ಕಾವಲಿನವರು ಬಿಡುವುದೂ ಇಲ್ಲ.

'ಇದೆಲ್ಲ ವಿದೇಶಿ ಶೋಕಿ' ಎಂಬುದು ಇನ್ನೊಂದು ಆಕ್ಷೇಪ. ಗಂಭೀರ ಮುಖದಲ್ಲಿ ಇದನ್ನು ಹೇಳುವವರ ಮನೆಯಲ್ಲೇ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳು ಅಟ್ಟದ ಮೇಲಿರುತ್ತವೆ. ಪಾಕ ಹೊಯ್ದು ಬೃಂದಾವನ, ಗೋಪುರ, ಮೀನು, ಹುಂಜಗಳನ್ನು ಎರಕ ತೆಗೆಯುವ ಆ ವಿದ್ಯೆಗೆ ಯಾವ ದೇಶದ ಪಾಸ್‌ಪೋರ್ಟ್ ಕೊಡೋಣ? ಉತ್ತರ ಕರ್ನಾಟಕದ ಕುಸುರೆಳ್ಳಂತೂ ತಾಳ್ಮೆಯ ಪರಾಕಾಷ್ಠೆ. ಸಣ್ಣ ಉರಿಯಲ್ಲಿ ಬೆಚ್ಚಗಿರುವ ಎಳ್ಳಿನ ಮೇಲೆ ಪಾಕವನ್ನು ಹನಿಹನಿಯಾಗಿ ಬಿಟ್ಟು, ಕೈಯಾಡಿಸಿ, ಆರಿಸಿ, ಮತ್ತೆ ಬಿಟ್ಟು, ತೆಳು ಲೇಪದ ಮೇಲೆ ತೆಳು ಲೇಪ ಕೂರಿಸುತ್ತಾ ಹೋದರೆ ಒಂದೊಂದು ಕಾಳಿಗೂ ಮುಳ್ಳು ಮೂಡುತ್ತದೆ. ಒಂದು ಲೇಪ ಆರುವ ಮೊದಲೇ ಇನ್ನೊಂದು ಹಾಕಬಾರದೆಂಬ ಮೇಸ್ತ್ರಿಯ ನಿಯಮ ಇಲ್ಲಿಯೂ ಇದೆ. ಸಾಲದ್ದಕ್ಕೆ ಚಕ್ಕುಲಿ ಒರಳಿನ ನಕ್ಷತ್ರದ ಬಿಲ್ಲೆಯೂ ಕ್ರೀಮ್ ಹಿಂಡುವ ನಕ್ಷತ್ರದ ನಾಜಲೂ ಒಂದೇ ಜಾತಿ; ಗಾತ್ರದಲ್ಲಿ ಮಾತ್ರ ವ್ಯತ್ಯಾಸ. ಚಕ್ಕುಲಿ ಸುತ್ತಿ ಪಳಗಿದ ಕೈಗೆ ಕೇಕಿನ ಅಂಚು ಕಟ್ಟುವುದು ಹೊಸದಾಗಿ ಕಲಿಯಬೇಕಾದ ವಿದ್ಯೆಯೇನಲ್ಲ.

ಸಕ್ಕರೆ ಕಾಯಿಲೆಯವರ ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಬೆಣ್ಣೆಯ ಎರಡು ಪಾಲು ಐಸಿಂಗ್ ಸಕ್ಕರೆ ಸುರಿಯುವ ವಿದ್ಯೆಯನ್ನು ಆರೋಗ್ಯದ ಹೆಸರಿನಲ್ಲಿ ಸಮರ್ಥಿಸಲು ವಕೀಲರಿಂದಲೂ ಆಗದು. ಆದರೆ ಕಲಿಯುವವರು ತಿನ್ನಲೇಬೇಕೆಂದು ಎಲ್ಲಿ ಬರೆದಿದೆ? ಗಾರೆ ಕೆಲಸವೆಂದು ಒಪ್ಪಿಕೊಂಡ ಕೂಡಲೇ ಈ ತೊಡಕೂ ಬಿಡಿಸಿಕೊಳ್ಳುತ್ತದೆ. ಅಭ್ಯಾಸಕ್ಕೆ ಥರ್ಮಾಕೋಲಿನ ಡಮ್ಮಿ ಸಾಕು, ಅದೂ ಇಲ್ಲದಿದ್ದರೆ ಬೋರಲು ಹಾಕಿದ ಸ್ಟೀಲ್ ಡಬ್ಬಿ. ಬಳಿದ ಕ್ರೀಮನ್ನು ಕೆರೆದು ಬಟ್ಟಲಿಗೆ ಹಾಕಿ ಮತ್ತೆ ಬಳಿಯಬಹುದು. ಸಿಮೆಂಟಿಗೆ ಈ ಸೌಲಭ್ಯವಿಲ್ಲ. ಇನ್ನು ಕಲಿಕೆಯ ಕ್ರಮದ ಮಾತು. ಮಿಠಾಯಿ ತಯಾರಕ ಡ್ಯೂಯಿ ಮೆಕಿನ್ಲಿ ವಿಲ್ಟನ್ 1929ರಲ್ಲಿ ಶಿಕಾಗೋದಲ್ಲಿ ಕೇಕ್ ಅಲಂಕಾರದ ಪಾಠ ಶುರುಮಾಡಿದ. ಅವನ ಹೆಸರಿನ ಪದ್ಧತಿಯಲ್ಲಿ ಒಂದು ಗುಲಾಬಿಗೂ ಲೆಕ್ಕಾಚಾರವಿದೆ. ತಲೆ ಚಪ್ಪಟೆಯಾದ ಮೊಳೆಯ ಮೇಲೆ ಒಂದು ಶಂಕು, ಅದರ ತುದಿಗೆ ಮೊಗ್ಗು, ಸುತ್ತ 3 ಎಸಳು, ಅದರ ಕೆಳಗೆ 5, ಅದರ ಕೆಳಗೆ 7. ನಾಜಲಿನ ಅಗಲ ತುದಿ ಕೆಳಕ್ಕೆ, ಕಿರಿದಾದ ತುದಿ ಮೇಲಕ್ಕೆ; ತಿರುಗಬೇಕಾದ್ದು ಮೊಳೆ, ಕೈಯಲ್ಲ. ನಾಜಲನ್ನು ತಲೆಕೆಳಗು ಹಿಡಿದರೆ ಗುಲಾಬಿಯ ಬದಲು ಎಲೆಕೋಸು ಹುಟ್ಟುತ್ತದೆ, ಅದನ್ನು ಬೇಕಾದರೆ ರೈತರ ದಿನಾಚರಣೆಯ ಕೇಕಿಗೆ ಬಳಸಿಕೊಳ್ಳಬಹುದು. ಇಷ್ಟು ನಿಖರವಾದ ನಕ್ಷೆ ನಮ್ಮ ಅಡುಗೆ ಪುಸ್ತಕಗಳಲ್ಲಿ ಎಲ್ಲಿದೆ? ಅಲ್ಲಿರುವುದು 'ಉಪ್ಪು ರುಚಿಗೆ ತಕ್ಕಷ್ಟು'.

ಗಂಟೆಗಟ್ಟಲೆ ಕಟ್ಟಿದ್ದನ್ನು ಅರೆನಿಮಿಷದಲ್ಲಿ ಚಾಕುವಿನಿಂದ ಕತ್ತರಿಸಿಬಿಡುತ್ತಾರಲ್ಲ ಎಂದು ಕೊರಗುವವರಿಗೆ ಹೇಳಲು ಹೆಚ್ಚೇನಿಲ್ಲ. ನಗರಗಳಲ್ಲಿ ಹೊಸ ರಸ್ತೆ ಎಷ್ಟು ದಿನ ಅಗೆಯದೆ ಉಳಿಯುತ್ತದೆಂದು ನೋಡಿದರೆ ಅವರಿಗೇ ಸಮಾಧಾನವಾಗುತ್ತದೆ. ಈ ಹವ್ಯಾಸಕ್ಕೆ ನಿಜವಾದ ಅಪಾಯ ಇರುವುದು ಚಾಕುವಿನಿಂದಲ್ಲ, ಹೊಗಳಿಕೆಯಿಂದ. ಕೇಕ್ ಸ್ವಲ್ಪ ನೆಟ್ಟಗೆ ನಿಂತಿತೋ, ಹಿತೈಷಿಗಳು ಶುರುಮಾಡುತ್ತಾರೆ: 'ನೀವ್ಯಾಕೆ ಆರ್ಡರ್ ತಗೋಬಾರದು?' ಒಪ್ಪಿದರೆ ಕಥೆ ಮುಗಿಯಿತು. ಎಫ್‌ಎಸ್‌ಎಸ್‌ಎಐ ನೋಂದಣಿ, ಡಬ್ಬ, ಡೆಲಿವರಿ, 'ಯೂನಿಕಾರ್ನ್ ಬೇಕು, ಆದರೆ ಗುಲಾಬಿ ಬಣ್ಣ ಬೇಡ, ಬೆಲೆ ಬೇಕರಿಯದ್ದೇ ಇರಲಿ' ಎನ್ನುವ ಗಿರಾಕಿ. ಸ್ವಂತ ಮನೆ ಕಟ್ಟುವ ಸುಖವೇ ಬೇರೆ, ಕಂಟ್ರಾಕ್ಟು ಹಿಡಿಯುವ ಸಂಕಟವೇ ಬೇರೆ. ಹವ್ಯಾಸವಾಗಿಯೇ ಉಳಿಸಿಕೊಳ್ಳುವವರು ಮೇಲಿನ ಪ್ರಶ್ನೆಗೆ ಕಿವುಡರಾಗುವುದನ್ನೂ ಕ್ರೀಮ್ ಹಿಂಡುವುದರ ಜೊತೆಯಲ್ಲೇ ಕಲಿಯಬೇಕು.

ಕಟ್ಟಡ ಮುಗಿದ ಮೇಲೆ ಉಳಿಯುವುದು ಶಾಸನ. ನಮ್ಮ ಬೇಕರಿಗಳಲ್ಲಿ ಅದು ಸಾಮಾನ್ಯವಾಗಿ ಇಂಗ್ಲಿಷಿನ 'ಹ್ಯಾಪಿ ಬರ್ತ್‌ಡೇ'. ಕ್ರೀಮಿಗೆ ಕನ್ನಡ ಒಗ್ಗುವುದಿಲ್ಲ ಎಂಬ ನೆಪ ಕೇಳಿಬರುವುದುಂಟು, ಆದರೆ ದುಂಡು ನಾಜಲಿನಿಂದ ಇಳಿಯುವ ಕ್ರೀಮಿಗೆ ಬಳುಕುವುದೇ ಸಹಜ, ಮೂಲೆ ತಿರುಗುವುದೇ ಕಷ್ಟ. ಆ ಲೆಕ್ಕದಲ್ಲಿ ಮೈಯೆಲ್ಲ ದುಂಡಗಿರುವ ನಮ್ಮ ಲಿಪಿಗಿಂತ ತಕ್ಕದ್ದು ಸಿಗುವುದು ಕಷ್ಟ. ತೊಂದರೆ ಇರುವುದು ಒತ್ತಕ್ಷರದಲ್ಲಿ. 'ಹುಟ್ಟುಹಬ್ಬದ ಶುಭಾಶಯಗಳು' ಎಂದು ಬರೆಯ ಹೊರಟವರು ಟ-ಒತ್ತಿಗೆ, ಬ-ಒತ್ತಿಗೆ ಕೆಳಗೆ ಜಾಗ ಬಿಟ್ಟಿರಬೇಕು. ಇಲ್ಲದಿದ್ದರೆ ಅವು ಜಾರಿ ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆದು ಹೊಸದೊಂದು ಅಕ್ಷರ ಉದ್ಭವಿಸುತ್ತದೆ. ಕಲ್ಲಿನಲ್ಲಿ ಹೀಗೇನಾದರೂ ಆಗಿದ್ದರೆ ಅದರ ಪಾಠ ನಿರ್ಣಯಕ್ಕೆ ಸಂಶೋಧಕರು ಎರಡು ಬಣವಾಗುತ್ತಿದ್ದರು. ಕೇಕಿನಲ್ಲಾದರೆ ಹುಟ್ಟುಹಬ್ಬದವರ ಕೈಗೆ ಚಾಕು ಕೊಟ್ಟು, ಮೊದಲ ತುಂಡು ಸರಿಯಾಗಿ ಅಲ್ಲಿಂದಲೇ ಬರುವಂತೆ ಮೊಣಕೈ ಹಿಡಿದು ತಿರುಗಿಸಿದರಾಯಿತು.