ಫಿಶಿಂಗ್ ಕ್ಲಾಸು

(ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಭಟ್ರ ಹೋಟೆಲು. ಜುಲೈ ಮಳೆಗೆ ರಸ್ತೆ ಯಾವುದು, ತೋಡು ಯಾವುದು ಗೊತ್ತಾಗದ ಹೊತ್ತು.)

ಭಟ್ರು: ಎಂತ ಮಾರಾಯ್ರೆ, ಮುಖ ಬಾಡಿದೆ?

ಕ್ಲರ್ಕ್: ಆಫೀಸಲ್ಲಿ ಇಡೀ ದಿನ ಫಿಶಿಂಗ್ ಕ್ಲಾಸು.

ಭಟ್ರು: ಈಗ ಎಂಥ ಫಿಶಿಂಗು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. (ಶುದ್ಧ ಸಸ್ಯಾಹಾರಿ ಹೋಟೆಲು, ಆದರೂ ಮೀನಿನ ಪಂಚಾಂಗ ಬಾಯಿಪಾಠ.)

ಕ್ಲರ್ಕ್: ಇದು ಇ-ಮೇಲಿನದ್ದು. ಗಾಳ ಕಳ್ಳರದ್ದು, ಮೀನು ನಾವು. ಗುರುತಿಲ್ಲದವರ ಲಿಂಕ್ ಒತ್ತಬಾರದಂತೆ.

ಭಟ್ರು: ಒತ್ತಲಿಲ್ಲ ಅಲ್ವಾ?

ಕ್ಲರ್ಕ್: ಛೇ! ‘ಕ್ಲಾಸಿನ ಸರ್ಟಿಫಿಕೇಟು ಇಲ್ಲಿದೆ’ ಅಂತ ಬಂದದ್ದು ಮಾತ್ರ ಒತ್ತಿದೆ. ಕಂಪ್ಯೂಟರ್ ಅಲ್ಲೇ ಮಲಗಿತು.

ಭಟ್ರು: ಪಾಸ್‌ವರ್ಡ್ ಗಟ್ಟಿ ಉಂಟಾ?

ಕ್ಲರ್ಕ್: ತಿಂಗಳಿಗೊಮ್ಮೆ ಬದಲಿಸ್ತೇನೆ. ಮೇಯಲ್ಲಿ ಬಂಗುಡೆ5, ಜೂನಲ್ಲಿ ಬಂಗುಡೆ6...

ಭಟ್ರು: ಈಗ ಬಂಗುಡೆ7.

ಕ್ಲರ್ಕ್: ಅಯ್ಯೋ, ಭಾರೀ ಗುಟ್ಟಿನದ್ದು! ನಿಮಗೆ ಹೇಗೆ ಗೊತ್ತು?

ಭಟ್ರು: ನಿಮ್ಮಲ್ಲಿಗೆ ಚಾ ತರುವ ನಮ್ಮ ಹುಡುಗ ಹೇಳಿದ. ನೀವು ರಜೆ ಹಾಕಿದ ದಿನ ಮ್ಯಾನೇಜರು ಅವನ ಹತ್ತಿರವೇ ಕೇಳುವುದಂತೆ.

ಕ್ಲರ್ಕ್: ಪಾಪ, ಒಳ್ಳೆ ಹುಡುಗ. ನನ್ನ ತಲೆಬಿಸಿ ಬೇರೆ. ಕಂಪ್ಯೂಟರಿಗೆ ಹೀಗೆಂತಾದರೂ ಆದರೆ ಆರು ಗಂಟೆಯೊಳಗೆ ತಿಳಿಸಬೇಕೂಂತ ದಿಲ್ಲಿಯ ಸೈಬರ್ ಸುರಕ್ಷತೆಯ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಆರ್ಡರ್ ಮಾಡಿದೆ.

ಭಟ್ರು: ತಿಳಿಸಿದಿರಾ?

ಕ್ಲರ್ಕ್: ಮೇಲಿನ ಮೂವರ ಒಪ್ಪಿಗೆ ಬೇಕು. ಇಬ್ಬರು ಆಟಿ ತಿಂಗಳ ‘ಆಟಿಡೊಂಜಿ ದಿನ’ದ ಕಾರ್ಯಕ್ರಮಕ್ಕೆ ಹೋಗಿದ್ದಾರೆ, ಪತ್ರೊಡೆ ತಿನ್ನಲಿಕ್ಕೆ. ಮೂರನೆಯವರು ಸುರಕ್ಷತೆಯ ಆಫೀಸರು. ಅವರು ಪಾಸ್‌ವರ್ಡ್ ಮರೆತು ಹೊರಗೆ ಕೂತಿದ್ದಾರೆ.

ಭಟ್ರು: ಅಷ್ಟೆಯಾ? ಏ ಮಾಣಿ, ಚಾ ಆಮೇಲೆ ಕೊಡು! ಮೊದಲು ಇವರ ಆಫೀಸಿಗೆ ಹೋಗಿ ಆ ಮೂವರ ಒಪ್ಪಿಗೆಯನ್ನೂ ಒತ್ತಿ ಬಾ!