ಐದಕ್ಕೆ ನಾಲ್ಕೂವರೆ

ಭಾಮೈದ: ಭಾವ, ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ ಹೇಗಿದೆ?

ಭಾವ: 1959ರದ್ದು. ಮೋಡಲ್ ಜಾಝ್! ನಾಲ್ಕೂವರೆ ನಕ್ಷತ್ರ.

(ಕ್ಲಾರಿನೆಟ್ಟು, ಟ್ರಂಪೆಟ್ಟು ಎರಡೂ ಭಾವನಿಗೆ ಮನೆಯಲ್ಲಿ ‘ಪೀಪಿ’, ವಿಮರ್ಶೆ ಬರೆಯುವಾಗ ಮಾತ್ರ ಮೋಡಲ್.)

ಭಾಮೈದ: ಅರ್ಧ ಯಾಕೆ ಕಡಿತ?

ಭಾವ: ಪೂರ್ತಿ ಕೊಟ್ಟರೆ ನನ್ನನ್ನ ವಿಮರ್ಶಕ ಅಂತ ಯಾರಯ್ಯಾ ನಂಬ್ತಾರೆ?

ಭಾಮೈದ: ಪಿಂಕ್ ಫ್ಲಾಯ್ಡ್?

ಭಾವ: ‘ದ ಡಾರ್ಕ್ ಸೈಡ್ ಆಫ್ ದ ಮೂನ್’, 1973. ಗಡಿಯಾರಗಳೆಲ್ಲ ಒಟ್ಟಿಗೆ ಬಡ್ಕೊಂಡಾಗ ನಿಮ್ಮಕ್ಕ ದಡಬಡ ಎದ್ದು ಹಾಲು ತರೋಕೆ ಹೊರಟಳು. ದುಡ್ಡಿನ ಹಾಡಲ್ಲಿ ಚಿಲ್ಲರೆ ಸದ್ದು ಬಂತು, ನಾನು ಜೇಬು ಮುಟ್ಟಿ ನೋಡ್ಕೊಂಡೆ. ತಾತ್ವಿಕ ಆಳ ಅಂದ್ರೆ ಅದು! ನಾಲ್ಕೂವರೆ.

ಭಾಮೈದ: ‘ಕಾಲ್ ಆಫ್ ದ ವ್ಯಾಲಿ’?

ಭಾವ: ಶಿವಕುಮಾರ್ ಶರ್ಮಾ ಸಂತೂರ್, ಚೌರಾಸಿಯಾ ಕೊಳಲು, ಕಾಬ್ರಾ ಗಿಟಾರ್. ಕಾಶ್ಮೀರದ ಕುರಿಗಾಹಿಯ ಒಂದು ದಿನ. ಬೆಳಗಿನ ರಾಗಕ್ಕೆ ಕಣ್ಣು ಮುಚ್ಚಿದೆ. ಎಚ್ಚರಾಗೋ ಹೊತ್ತಿಗೆ ಅವನಿಗೆ ರಾತ್ರಿಯಾಗಿತ್ತು.

ಭಾಮೈದ: ಏನಂತ ಬರೆದ್ರಿ?

ಭಾವ: ‘ಧ್ಯಾನಸ್ಥ ಅನುಭವ.’

ಭಾಮೈದ: ‘ನಿತ್ಯೋತ್ಸವ’ಕ್ಕೆ?

ಭಾವ: ನಿಸಾರ್ ಅಹಮದ್ ಕವಿತೆ, ಮೈಸೂರು ಅನಂತಸ್ವಾಮಿ ಸಂಗೀತ, 1978ರ ಕ್ಯಾಸೆಟ್ಟು. ಅದಕ್ಕೆ ನಕ್ಷತ್ರ ಕೊಟ್ಟಿಲ್ಲ.

ಭಾಮೈದ: ಅಯ್ಯೋ, ಯಾಕೆ?

ಭಾವ: ಜೊತೇಲಿ ಹಾಡ್ತಾ ಕೂತ್ಬಿಟ್ಟೆ ಕಣಯ್ಯಾ, ವಿಮರ್ಶೆಗೆ ಪುರುಸೊತ್ತೇ ಸಿಗಲಿಲ್ಲ.